ಒಮಾಹಾ ಅಂದ್ರ ಯಾರಿಗೆ ಗೊತ್ತು

…ಅದನ್ನ ಸೆರಗಿನಾಗ ಹಂಗ ಅವಚಿಕೊಂಡು ನಿಂದ್ರಬ್ಯಾಡ ಕಲ್ಲವ್ವಾ, ಇಲ್ಲಿ ಕೊಡು. ನನ್ನ ಅಂಗಡಿ ವಿಳಾಸಕ್ಕ ಬಂದ ಪಾರ್ಸಲ್ ಅದು. ಆ ಪೋಸ್ಟಮನ್ ಹೊಳಿಯಪ್ಪಗ ಬುದ್ಧಿ ಇಲ್ಲ. ಮ್ಯಾಲ ಕಲ್ಲವ್ವ ಅಂತ ಕಂಡ್ರ ಸಾಕು, ಕೆಳಗ ‘ಗುರುಸಂಗಪ್ಪ ಸೀರಿ ಅಂಗಡಿ, ಬಸ್ ಸ್ಟ್ಯಾಂಡ ಹತ್ರ, ಗಜೇಂದ್ರಗಡ’ ಅಂತ ಇಷ್ಟುದ್ದ ಬರದದ್ದು ಅವನ ಕಣ್ಣಿಗೆ ಬೀಳೂದಿಲ್ಲ. ಸೀದಾ ನೇಕಾರ ಓಣಿಗೆ ಸೈಕಲ್ ಹೊಡಕೊಂಡು ಬಂದಾನ. ಮೂವತ್ತು ವರ್ಷ ಆತು ನನಗ ಟಪಾಲ ತಂದು ಕೊಡಾಕ ಹತ್ತಿ, ಇವತ್ತ ಏನಾಗಿತ್ತಂತ ಅವಗ.

ಕೊಡೂದಿಲ್ಲೇನು? ಬಿಡು. ಮೊದಲ ಕುಂದ್ರು. ಹೊಸ್ತಲದಾಗ ನಿಂತರ ಬಂದ ಗಿರಾಕಿ ತಿರುಗಿ ಹೋಗತಾರ. ಮೋದಿನಸಾಬ, ಎರಡು ಚಾ ಕಳಸಪಾ, ಒಂದಕ್ಕ ಸಕ್ಕರಿ ಜಾಸ್ತಿ ಹಾಕು, ನಮ್ಮ ಕಲ್ಲವ್ವ ಬಂದಾಳ… ನೋಡು, ನಲವತ್ತು ವರ್ಷದಾಗ ನೀ ಕೈಯಾಗ ಸೀರಿ ಇಲ್ದ ಈ ಅಂಗಡಿ ಹತ್ತಿದ್ದು ಇವತ್ತ ಮೊದಲು. ಪ್ರತಿ ಸಲ ಮಗ್ಗದಿಂದ ಇಳಿಸಿದ ಸೀರಿ ತರತಿ, ಗಾದಿ ಮ್ಯಾಲ ಹಾಸತಿ, ಸೆರಗಿನ ಮ್ಯಾಲ ಒಂದ ಸಲ ಕೈ ಸವರತಿ, ಹೋಗತಿ. ಇವತ್ತ ರಟ್ಟಿನ ಡಬ್ಬಿ ಹಿಡಕೊಂಡು ಬಂದು ನನ್ನ ಮಾರಿ ನೋಡಕೋತ ಕುಂತಿ.

ಎಲ್ಲಿಂದ ಬಂದೈತಿ ಅಂತ ನೋಡತಿಯೇನು? ಒಮಾಹಾದಿಂದ. ಯಾಕ ಹಂಗ ಹುಬ್ಬ ಏರಸತಿ, ಅದೊಂದು ಊರಿನ ಹೆಸರು. ಅಮೇರಿಕಾದಾಗ ಐತಿ… ಹೌದು. ನಾ ಹೋಗಿ ಬಂದದ್ದು ಅಲ್ಲಿಗೇ. ನ್ಯೂಯಾರ್ಕಿಗೆ ಅಲ್ಲ. ಆತಲ್ಲ, ಸಿಕ್ಕಬಿದ್ದೆ ನಾ. ಇದೊಂದು ಸುಳ್ಳ ಹೇಳಿದ್ದೆ, ಒಪ್ಪಕೋತೇನಿ. ಇದನ್ನ ಕೇಳಾಕ ಬಂದಿದ್ರ ಕೇಳು, ಕೇಳಿ ಡಬ್ಬಿ ಕೊಟ್ಟು ಮನಿಗೆ ಹೋಗು.

ಆ ಸುಳ್ಳೂ ನಾ ಹೇಳಿದ್ದಲ್ಲ, ಈ ಊರು ಹೇಳಿಸಿದ್ದು. ಹ್ವಾದ ವರ್ಷ ಬಂದ ಮರುದಿನ ಇದ ಗಾದಿ ಮ್ಯಾಲ ಕುಂತು ಖರೇ ಹೇಳಿದೆ. ‘ಸಾಹುಕಾರ್ರ, ಅಮೇರಿಕಾದಾಗ ಯಾವ ಊರಿಗೆ ಹೋಗಿದ್ರಿ?’ ‘ಒಮಾಹಾ.’ ಅಷ್ಟ. ಆ ಮಂದಿ ಮಾರಿ ನೀ ನೋಡಬೇಕಿತ್ತು. ಯಾರೋ ನನಗ ಮೋಸ ಮಾಡಿ ಯಾವುದೋ ಹಳ್ಳ್ಯಾಗ ಇಳಿಸಿ ಹೋಗ್ಯಾರ ಅನ್ನೂವಂಗ ನೋಡಿದ್ರು. ಕಾಳಿನ ವ್ಯಾಪಾರಿ ಹೇಮಪ್ಪ ಅಂತೂ, ‘ಅದು ಅಮೇರಿಕಾದಾಗ ಐತೋ, ಅಮೇರಿಕಾದ ಆಚಿಗೆ ಐತೋ?’ ಅಂತ ಕೇಳಿದ. ಕೇಳಿ ತಾನ ನಕ್ಕ. ಆ ಮನಷಾ ಜನ್ಮದಾಗ ಹುಬ್ಬಳ್ಳಿ ದಾಟಿಲ್ಲ.

ಈ ಮಂದಿಗೆ ಅಮೇರಿಕಾ ಅಂದ್ರ ನಾಕು ಊರು ನೋಡು. ನ್ಯೂಯಾರ್ಕ, ಯಾಕಂದ್ರ ಎತ್ತರದ ಬಿಲ್ಡಿಂಗ ಬಿದ್ದದ್ದು ಟಿವಿಯಾಗ ನೋಡ್ಯಾರ. ವಾಷಿಂಗ್ಟನ್, ಅಧ್ಯಕ್ಷರ ಮನಿ ಅಲ್ಲಿ. ಚಿಕಾಗೊ, ಸ್ವಾಮೀಜಿ ಭಾಷಣ ಮಾಡಿದ್ದು ಸಾಲ್ಯಾಗ ಬಾಯಿಪಾಠ ಮಾಡ್ಯಾರ. ಆ ಭಾಷಣ ಆದ ಮ್ಯಾಲ ಆ ಊರಾಗ ಒಂದು ಹುಲ್ಲಕಡ್ಡಿನೂ ಅಲ್ಲಾಡಿಲ್ಲ ಅಂತ ತಿಳದಾರ. ನಾಕನೇದು ಹಾಲಿವುಡ್, ಅದು ಊರೋ ಟಾಕೀಜೋ ಅವರಿಗೂ ಗೊತ್ತಿಲ್ಲ. ಮುಗೀತು ಅಮೇರಿಕಾ. ಆಟೋ ಹೊಡ್ಯೂ ದ್ಯಾಮೇಶ ಅದಾನಲ್ಲ, ರೋಣದ ಸಂತ್ಯಾಗ ತಗೊಂಡ ಟೊಪ್ಪಿಗಿ ಮ್ಯಾಲ ನ್ಯೂಯಾರ್ಕ ಅಂತ ಬರದೈತಿ. ಅದನ್ನ ತಲಿ ಮ್ಯಾಲ ಇಟಗೊಂಡು ನನ್ನ ತಡದು, ‘ಕಾಕಾ, ಅಷ್ಟ ದೂರ ಹೋಗಿ ನಮ್ಮ ನ್ಯೂಯಾರ್ಕ ನೋಡದ ಬಂದ್ರೇನ್ರಿ?’ ಅಂತಾನ. ನಮ್ಮ ನ್ಯೂಯಾರ್ಕ ಅಂತ. ಏನ, ಇವರಪ್ಪ ಕಟ್ಟಿಸಿದ್ದೇನು.

ಫ್ಲೆಕ್ಸ ಮಾಡೂ ಅಲ್ತಾಫ ಇನ್ನೂ ಚಲೋ. ನಮ್ಮ ವರ್ತಕರ ಸಂಘದವರು ಸನ್ಮಾನ ಇಟಗೊಂಡಿದ್ರಲ್ಲ, ಆವಾಗ. ‘ಕಾಕಾ, ಒಮಾಹಾ ಅಂತ ಹಾಕಿದ್ರ ಮಂದಿ ಕೆಮ್ಮಿನ ಔಷಧ ಅಂತ ತಿಳಕೋತಾರ್ರಿ, ನ್ಯೂಯಾರ್ಕ ಹಾಕತೇನಿ’ ಅಂದ. ಬ್ಯಾಡ ಅಂದೆ. ಒಂದ ಸಲ ಬ್ಯಾಡ ಅಂದೆ, ಎರಡನೇ ಸಲ ಸುಮ್ಮನಾದೆ. ಮರುದಿನ ಬಸ್ ಸ್ಟ್ಯಾಂಡ ಎದುರಿಗೆ ನಾನು, ನನ್ನ ಹಿಂದ ಪಂಜು ಹಿಡದ ಆ ಹೆಣ್ಣಮಗಳ ಮೂರ್ತಿ, ಕೆಳಗ ‘ನ್ಯೂಯಾರ್ಕ್ ನಗರದಲ್ಲಿ ಗಜೇಂದ್ರಗಡದ ಸೀರೆಯ ಕೀರ್ತಿ ಬೆಳಗಿಸಿದ ಶ್ರೀ ಗುರುಸಂಗಪ್ಪನವರಿಗೆ’ ಅಂತ ದಪ್ಪಕ್ಷರ. ನೀನೂ ನಿಂತು ನೋಡಿದಿ, ನಾ ಇಲ್ಲಿಂದ ಕಂಡೆ. ಸನ್ಮಾನಕ್ಕೂ ಬಂದು ಹಿಂದಿನ ಸಾಲಿನಾಗ ಕುಂತಿದ್ದಿ.

ಆಮ್ಯಾಲೆ ರೋಣದಾಗ ಶಾಲು ಹಾಕಿದ್ರು. ನರಗುಂದದಾಗ ಶಾಲು ಮತ್ತ ಹಣ್ಣಿನ ಬುಟ್ಟಿ. ಅಲ್ಲಿ ಭೂಗೋಳ ಕಲಸೂ ಮುತ್ತಣ್ಣ ಮಾಸ್ತರ ಎದ್ದು ನಿಂತು, ‘ಆ ಮೂರ್ತಿ ಒಳಗ ಮೆಟ್ಟಲಾ ಹತ್ತಿ ಹೋಗಬಹುದಂತಲ್ಲರಿ, ಎಷ್ಟ ಮೆಟ್ಟಲಾ ಅದಾವು?’ ಅಂದ. ನಾ ಏನ ಹೇಳಲಿ? ‘ನಮ್ಮ ಕಾಲಕಾಲೇಶ್ವರನ ಗುಡ್ಡ ಹತ್ತಿದಾವಗ ಅದೇನ ಲೆಕ್ಕರಿ ಮಾಸ್ತರ’ ಅಂದೆ. ಚಪ್ಪಾಳಿ ಹೊಡದ್ರು. ಭೂಗೋಳದ ಮಾಸ್ತರನೂ ಹೊಡದ. ಒಮಾಹಾ ಅಂದಿದ್ರ ಹಣ್ಣಿನ ಬುಟ್ಟಿ ತಿರುಗಿ ಇಸಗೋತಿದ್ರು.

ನಕ್ಕಿ ನೋಡು. ನಕ್ಕಿ ಅಲ್ಲಾ? ಇಲ್ಲ? ಬಿಡು, ಚಾ ಬಂತು, ಕುಡಿ.

ಅಲ್ಲಿಯವರರ ಏನ ಶ್ಯಾಣ್ಯಾರಂತ ತಿಳದಿ? ತಮ್ಮ ಊರ ಹೆಸರು ನಮಗ ಗೊತ್ತಿಲ್ಲ ಅಂದ್ರ ಅವರ ಮಾರಿ ಸಣ್ಣದಾಗತೈತಿ. ನಮ್ಮ ಊರ ಹೆಸರ ಹೇಳಿದ್ರ? ಬಾಂಬೆ ಹತ್ರ ಏನು? ಅಲ್ಲವಾ ತಾಯಿ. ತಾಜಮಹಲ ಹತ್ರ ಏನು? ಅಲ್ಲವಾ ನಮ್ಮವ್ವ. ಅಲ್ಲಿಗೆ ಅವರ ಹಿಂದುಸ್ತಾನ ಮುಗೀತು. ಬಟ್ಟಿ ಪ್ರದರ್ಶನದ ಗೋಡಿ ಮ್ಯಾಲ ಇಷ್ಟಗಲ ನಕಾಶ ಬಡದು, ಯಾವ ಬಟ್ಟಿ ಎಲ್ಲಿಂದ ಬಂತು ಅಂತ ಗುಂಡಸೂಜಿ ಚುಚ್ಚಿದ್ರು. ನಮ್ಮ ಸೀರಿ ಸೂಜಿ ಬೆಂಗಳೂರಾಗ ಇತ್ತು. ಬೆಂಗಳೂರಾಗ ಯಾರರ ಈ ಸೀರಿ ನೇಯತಾರೇನು? ನನ್ನ ಹೊಟ್ಟಿ ಉರೀತು. ಸೂಜಿ ಕಿತ್ತು ಸರೀ ಜಾಗಾದಾಗ ಇಡೋಣಂದ್ರ ಆ ನಕಾಶದಾಗ ಗದಗ ಇಲ್ಲ, ಹುಬ್ಬಳ್ಳಿ ಇಲ್ಲ, ಬರೇ ಹಳದಿ ಬಣ್ಣ. ಅಂದಾಜಲೆ ಚುಚ್ಚಿದೆ. ಜಕ್ಕಲಿಗೆ ಬಿತ್ತೋ ಬಳ್ಳಾರಿಗೆ ಬಿತ್ತೋ ದೇವರಿಗೇ ಗೊತ್ತು.

ಊರಂತೂ ಬೆಳವಣಕಿ ಹೊಲ ಇದ್ದಂಗ ಸಪಾಟ. ಗೋವಿನಜೋಳ, ಅದು ಮುಗದ್ರ ಮತ್ತ ಗೋವಿನಜೋಳ. ಮಗ್ಗಲಾಗ ಕೆಸರು ಬಣ್ಣದ ಒಂದು ಹೊಳಿ. ರಸ್ತಾದಾಗ ನರಪಿಳ್ಳಿ ಇಲ್ಲ, ಬರೇ ಕಾರು. ಒಂದು ಕಪ್ ಚಾ ಬೇಕಂದ್ರ ಕಾರಿನಾಗ ಹೋಗಬೇಕು, ಅದೂ ಹಾಲಿಲ್ಲ ಸಕ್ಕರಿ ಇಲ್ಲ ಅನ್ನೂವಂಥಾ ಚಾ. ಇದನ್ನ ನೋಡಾಕ ಎರಡು ದಿನ ಕಾಲು ಮಡಚಿಕೊಂಡು ವಿಮಾನದಾಗ ಕುಂತಿದ್ದೆ. ನಡುವ ಚಿಕಾಗೊದಾಗ ವಿಮಾನ ಬದಲಿಸಿದೆ. ಗಾಜಿನಾಚಿಗೆ ಮಳಿ ಹೊಡ್ಯಾಕ ಹತ್ತಿತ್ತು, ಅಷ್ಟ ನಾ ಕಂಡ ಚಿಕಾಗೊ. ನೀ ಏನೂ ಕಳಕೊಂಡಿಲ್ಲ ಕಲ್ಲವ್ವಾ, ಖರೇ ಹೇಳತೇನಿ. ನಿನಗ ನೋಡಾಕ ಅಲ್ಲಿ ಏನೂ ಇರಲಿಲ್ಲ.

ಯಾಕ ಹಂಗ ನೋಡತಿ, ನೀ ಹೋಗೂದಿತ್ತು ಅಂದೆನೇನು? ನಾ ಎಲ್ಲಿ ಹಂಗಂದೆ. ಮಾತಿಗೆ ಅಂದೆ.

ಚಾ ಕುಡಿ, ಕೆನಿ ಕಟ್ಟಾಕ ಹತ್ತೈತಿ. ಡಬ್ಬಿ ಬಾಜೂಕ ಇಟ್ಟು ಕುಡಿ, ನಾ ಕಸಗೊಳ್ಳೂದಿಲ್ಲ… ಅದರಾಗ ಏನೂ ಇರೂದಿಲ್ಲ. ಒಂದು ಕ್ಯಾಲೆಂಡರ್ ಇದ್ದೀತು, ಇಲ್ಲಾ ಆ ಪ್ರದರ್ಶನದ ಪುಸ್ತಕ ಇದ್ದೀತು. ಇಂಗ್ಲೀಷ, ನಿನಗ ಓದಾಕ ಬರೂದಿಲ್ಲ. ನಾ ಓದಿ ಹೇಳತೇನಿ, ಮೊದಲೂ ಹೇಳತಿದ್ದೆನಲ್ಲ.

ಹೂಂ. ಕಾಗದ. ಮೊದಲ ಅಲ್ಲಿಂದ ಬಂದಿತ್ತಲ್ಲ, ಆ ಕಾಗದದ ಸಲುವಾಗಿ ಕುಂತಿಯೇನು ನೀನು.

ಸರಿ, ಅದನ್ನೂ ಹೇಳಿಬಿಡತೇನಿ. ಆ ಉದ್ದ ಮೂಗಿನ ಪರದೇಶದ ಹೆಣ್ಣಮಗಳು ಬಂದಿದ್ಲಲ್ಲ, ಕ್ಯಾಮರಾ ಕೊಳ್ಳಾಗ ಹಾಕ್ಕೊಂಡು? ಇಲ್ಲೇ ಸೀರಿ ತಗೊಂಡು, ನೇಯ್ದಾಕಿನ್ನ ತೋರಸ್ರಿ ಅಂತ ಗಂಟಬಿದ್ಲು. ನಾನ ಕರಕೊಂಡು ಬಂದೆ ನಿನ್ನ ಮನಿಗೆ. ನಿನ್ನ ಮಗ್ಗದ ತೆಗ್ಗಿನ ಬಾಜೂಕ ಅರ್ಧ ದಿನ ನೆಲದ ಮ್ಯಾಲ ಕುಂತ್ಲು. ನೀ ಆಕಿಗೆ ರೊಟ್ಟಿ, ಪುಂಡಿಪಲ್ಯ ತಿನಿಸಿದಿ, ಖಾರ ಹತ್ತಿ ಕಣ್ಣಾಗ ನೀರ ತಂದ್ಲು. ಸೀರಿ ಮೈಯಿನ ಹಾಸಿನ ಎಳಿಗೆ ಸೆರಗಿನ ಹಾಸಿನ ಎಳಿ ನೀ ಒಂದೊಂದ ಕೊಂಡಿ ಹಾಕಿ ಕೂಡಸೂದು ನೋಡಿ, ಮತ್ತೊಮ್ಮೆ ತೋರಸು ಅಂತ ಕೈ ಮಾಡಿದ್ಲು. ನಿನ್ನ ಫೋಟೋ ತಗದ್ಲು. ವಯಸ್ಸ ಕೇಳಿದ್ರ ನೀ ಆಧಾರ್ ಕಾರ್ಡ ತಂದು ತೋರಿಸಿದಿ. ಆಕಿ ಒಮಾಹಾದಾಕಿ. ಆವಾಗ ನಾನೂ ಕೇಳಿ ನಕ್ಕಿದ್ದೆ, ಎಂಥಾ ಊರ ಹೆಸರಪಾ ಅಂತ.

ವರ್ಷಾದ ಮ್ಯಾಲ ಕಾಗದ ಬಂತು. ವ್ಯಾಪಾರಸ್ಥರನ್ನ ಅಷ್ಟ ಕರದಾರ ಅಂತ ನಿನಗ ಹೇಳಿದ್ದೆ. ಹೌದು, ಹಂಗ ಹೇಳಿದ್ದೆ. ಖರೇ ಏನಂದ್ರ… ನಿನ್ನ ಹೆಸರಿಗೆ ಬಂದಿತ್ತು. ನೇಕಾರತಿ ಕಲ್ಲವ್ವ ಬರಬೇಕು, ಮಗ್ಗದ ಮ್ಯಾಲ ಕುಂತು ಕೊಂಡಿ ಹಾಕೂದು ಮಂದಿಗೆ ತೋರಸಬೇಕು, ಹೋಗಿ ಬರೂ ವ್ಯವಸ್ಥಾ ಎಲ್ಲಾ ನಮ್ದು ಅಂತ. ಆತೇನು ಈಗ? ತಿಳೀತೇನು? ಅದನ್ನ ಓದಿ ನನಗ ನಗಿ ಬಂತು. ಯಾವ ಒಮಾಹಾ, ಎಲ್ಲೀ ಒಮಾಹಾ. ಯಾರಿಗೂ ಗೊತ್ತಿಲ್ಲದ ಊರಿಗೆ ಒಬ್ಬಾಕಿ ಹೆಣ್ಣಮಗಳನ್ನ ಹ್ಯಾಂಗ ಕಳಸೂದು? ಹೋಗಿ ಬಂದ ಮ್ಯಾಲರ ಏನು, ಓಣಿಯಾಗ ಯಾರ ಮುಂದ ಹೇಳಾಕಿ ನೀನು? ನ್ಯೂಯಾರ್ಕ ಇದ್ದಿದ್ರ ಮಾತ ಬ್ಯಾರೆ ಇತ್ತು. ನ್ಯೂಯಾರ್ಕ ಇದ್ದಿದ್ರ ನಿನ್ನ ನಾನ ಕಳಸತಿದ್ದೆ.

ಹಂಗ ನೋಡಬ್ಯಾಡ.

ಇಲ್ಲ. ಕಳಸತಿರಲಿಲ್ಲ. ನ್ಯೂಯಾರ್ಕ ಇದ್ದಿದ್ರ ಅಂತೂ ಕಳಸತಿರಲಿಲ್ಲ. ಸಮಾಧಾನ ಆತೇನು?

ನೀ ಒಬ್ಬಾಕಿ ರೋಣಕ್ಕ ಸೈತ ಹೋದಾಕಿ ಅಲ್ಲ. ಪಾಸಪೋರ್ಟ ಇಲ್ಲ, ಮಾತ ಬರೂದಿಲ್ಲ, ಅಲ್ಲಿ ಉಣ್ಣಾಕ ಒಂದು ರೊಟ್ಟಿ ಸಿಗೂದಿಲ್ಲ. ನಿನ್ನ ಚಲೋದಕ್ಕ ಮಾಡಿದೆ. ನಿನಗ ಬರಾಕ ಆಗೂದಿಲ್ಲ ಅಂತ ಬರದು ಕಳಿಸಿದೆ. ಅವರು, ಹಂಗಾದ್ರ ನೀವ ಬರ್ರಿ ಅಂದ್ರು. ನಾ ಹೋದೆ. ಹೊಂಟ ದಿನ ನೀನ ಬಂದು ಆರತಿ ಮಾಡಿದಿ, ‘ನಮ್ಮ ಸೀರಿ ಹೆಸರ ಉಳಿಸಿ ಬರ್ರಿ ಸಾಹುಕಾರ್ರ’ ಅಂದಿ. ಉಳಿಸಿ ಬಂದೆ. ಬಂದು ನಿನಗ ಚಾಕಲೇಟ ಕೊಟ್ಟೆ. ಇಷ್ಟ ಆದದ್ದು. ಇನ್ನ ಆ ಡಬ್ಬಿ…

ತಗೀತಿಯೇನು? ಕೊಡು, ಕತ್ತರಿ ಇಲ್ಲೈತಿ. ನಾ ತಗೀತೇನಿ, ನಿನ್ನ ಕೈಗೆ ಪಿನ್ನ ಚುಚ್ಚೀತು…

ಓ. ತಗದ ತಂದಿ.

ಅಂದ್ರ ಮುಂಜಾನೆನ ನೋಡಿದಿ. ನೋಡಿ, ಮತ್ತ ಮುಚ್ಚಿಕೊಂಡು ಬಂದು, ಇಷ್ಟೊತ್ತು ನನ್ನ ಬಾಯಿಲೆ ನ್ಯೂಯಾರ್ಕು ಚಿಕಾಗೊ ಎಲ್ಲಾ ಹೇಳಿಸಿದಿ.

…ಫೋಟೋ ಚಲೋ ಬಂದೈತಿ. ಕಟ್ಟು ಭಾರಿ ಐತಿ, ಖರೇ ಕಟಗಿದು. ಆಕಿ ತಗದದ್ದ ಇದು, ನಿನ್ನ ಮಗ್ಗದ ಮುಂದ. ನಗತಿದ್ದಿ ನೋಡು ಇದರಾಗ, ರೊಟ್ಟಿ ಉಂಡಾದ ಮ್ಯಾಲ ತಗದದ್ದು. ಪ್ರದರ್ಶನ ಮುಗಿಸಿ ನೆನಪಿಗೆ ಕಳಸ್ಯಾರ. ಒಯ್ದು ಮನಿಯಾಗ ತೂಗಹಾಕು.

ಕೆಳಗ ಬರದದ್ದರ ಮ್ಯಾಲ ಬೆರಳ ಯಾಕ ಇಟ್ಟಿ?

ಅದು ಇಂಗ್ಲೀಷ. ಅದು ಸೀರಿ ನಂಬರ. ಪ್ರದರ್ಶನದಾಗ ಪ್ರತಿ ಸೀರಿಗೂ ಒಂದೊಂದ ನಂಬರ ಹಾಕತಾರ, ಎಲ್ಲಾದಕ್ಕೂ… ಯಾಕ ತಲಿ ಅಲ್ಲಾಡಸತಿ?

ಹೌದು. ಅಂಕಿ ನಿನಗ ಬರತಾವು. ಎಳಿ ಎಣಸಾಕಿಗೆ ಅಂಕಿ ಬರೂದಿಲ್ಲೇನು. ಹತ್ತೊಂಬತ್ತು ನೂರಾ ಐವತ್ತೆಂಟು. ಆಧಾರ್ ಕಾರ್ಡಿನಾಗ ಇದ್ದದ್ದು. ನಡುವ ಒಂದು ಗೀಟು. ಎರಡು ಸಾವಿರದ ಇಪ್ಪತ್ತಮೂರು.

ನಿನ್ನ ಪಡಸಾಲ್ಯಾಗೂ ನಿನ್ನ ಗಂಡನ ಫೋಟೋ ಕೆಳಗ ಹಿಂಗ ಎರಡು ಇಸವಿ, ನಡುವ ಗೀಟು. ನಾನ ಕಟ್ಟು ಹಾಕಿಸಿ ಕೊಟ್ಟದ್ದು ಅದನ್ನ, ಗದಗಿನಾಗ. ಇಲ್ಲಿ ನನ್ನ ತಲಿ ಮ್ಯಾಲ ನಮ್ಮಪ್ಪಂದು ತೂಗತೈತಿ, ಅದಕ್ಕೂ ಹಂಗ. ಈ ಊರಾಗ ಓದಾಕ ಬರದಾವರಿಗೂ ಆ ಗೀಟು ಓದಾಕ ಬರತೈತಿ. ಅವರಿಗೆ ಇದು ಗೊತ್ತಿಲ್ಲ. ಮನಿಯವರಿಗೆ ಒಂದು ನೆನಪು ಇರಲಿ ಅಂತ ಒಮಾಹಾ ಮಂದಿ ಪ್ರೀತಿಲೆ ಕಳಸ್ಯಾರ, ಕಲ್ಲವ್ವನ ಮನಿಯವರಿಗೆ ಅಂತ ಮ್ಯಾಲ ಬರದು. ಹೊಳಿಯಪ್ಪ ತಪ್ಪ ಮಾಡಿಲ್ಲ. ಸರೀ ಮನಿಗೇ ಕೊಟ್ಟಾನ.

ಬರಾಕ ಆಗೂದಿಲ್ಲ ಅಂತ ನಾ ಬರೀಲಿಲ್ಲ ಕಲ್ಲವ್ವಾ. ಹಂಗ ಬರದ್ರ ಯಾಕ ಅಂತ ಕೇಳತಾರ, ಮುಂದಿನ ವರ್ಷ ಬರಲಿ ಅಂತಾರ, ಆ ಉದ್ದ ಮೂಗಿನಾಕಿ ಮತ್ತ ಇಲ್ಲಿಗೇ ಹೊಂಟ ಬರತಾಳ. ಅದಕ್ಕ ಒಂದ ಸಾಲು ಬರದೆ. ತೀರಿಕೊಂಡಾಳ ಅಂತ. ಬರದ್ರ ಸುಮ್ಮನಾಗತಾರ, ಅಲ್ಲಿಗೆ ಮುಗೀತೈತಿ ಅಂತ ತಿಳದಿದ್ದೆ. ಯಾರಿಗೂ ಗೊತ್ತಿಲ್ಲದ ಊರು, ಅಲ್ಲಿ ನೀ ಸತ್ತರೇನು ಇದ್ದರೇನು, ಇಲ್ಲಿಗೆ ಸುದ್ದಿ ಮುಟ್ಟೂದಿಲ್ಲ ಅಂತ. ಅವರು ಸುಮ್ಮನಾಗಲಿಲ್ಲ. ಹಂಗಾದ್ರ ನೀವರ ಬಂದು ಆಕಿ ಬಗ್ಗೆ ನಾಕ ಮಾತ ಹೇಳ್ರಿ ಅಂತ ತಿರುಗಿ ಬರದ್ರು.

ಯಾಕ ಅಂತ ಕೇಳು. ಕೇಳೂದಿಲ್ಲ? ನಾನ ಹೇಳತೇನಿ. ಬಾಗಲ ಮ್ಯಾಲ ನನ್ನ ಹೆಸರು, ಸೀರಿ ಪೆಟಗಿ ಮ್ಯಾಲ ನನ್ನ ಹೆಸರು, ಮದವಿ ಜವಳಿಗೆ ಬಂದ ಮಂದಿ ಗುರುಸಂಗಪ್ಪನ ಸೀರಿ ಅಂತ ಕೇಳಿ ತಗೋತಾರ. ಅಷ್ಟ ದೂರದಿಂದ ಬಂದ ಕಾಗದದಾಗ ಹುಡುಕಿ ಹುಡುಕಿ ನೋಡಿದೆ, ನನ್ನ ಹೆಸರ ಎಲ್ಲೂ ಇಲ್ಲ. ಬರೇ ಕಲ್ಲವ್ವ. ಕಲ್ಲವ್ವನ ಕೈ, ಕಲ್ಲವ್ವನ ಕೊಂಡಿ. ನನಗ ತಡಕೊಳ್ಳಾಕ ಆಗಲಿಲ್ಲ. ಹೊಟ್ಟಿಕಿಚ್ಚು. ಮತ್ತೇನೂ ಅಲ್ಲ.

ಹೋದಲ್ಲೆ ಒಂದು ಸಣ್ಣ ಮಗ್ಗ ಇಟ್ಟಿದ್ರು. ಕೊಂಡಿ ಹ್ಯಾಂಗ ಹಾಕತಾರ ತೋರಸ್ರಿ ಅಂದ್ರು. ನಲವತ್ತು ವರ್ಷ ನಿನ್ನ ಮಗ್ಗದ ಮುಂದ ನಿಂತು, ಲಗೂ ಮಾಡು, ಲಗೂ ಮಾಡು ಅಂದಾವ ನಾನು. ಒಂದ ಎಳಿ ಹಿಡದೆ, ಹರೀತು. ಇನ್ನೊಂದ ಹಿಡದೆ, ಅದೂ ಹರೀತು. ಆ ಉದ್ದ ಮೂಗಿನಾಕಿ ನನ್ನ ಭುಜದ ಮ್ಯಾಲ ಕೈ ಇಟ್ಲು. ದುಃಖಕ್ಕ ಹಿಂಗಾತು ಅಂತ ತಿಳದ್ಲು ಆಕಿ.

ಇನ್ನೂ ಐತಿ. ಕುಂದ್ರು, ಇದೊಂದು ಕೇಳಿ ಹೋಗು. ದೊಡ್ಡ ಸಭಾ ಇತ್ತು. ನಿನ್ನ ಸೀರಿ ಗಾಜಿನ ಕಪಾಟಿನಾಗ, ಕೆಂಪು ಸೆರಗ ಹರವಿ ಹಾಕಿದ್ರು. ಬಾಜೂಕ ಈ ಫೋಟೋ. ಹಿರ್ಯಾ ಒಬ್ಬಾವ ಎದ್ದು ನಿಂತು ನಿನ್ನ ಹೆಸರ ಅಂದ. ಕಲ್ಲವ್ವ ಅಂತ ಸರೀಗಿ ಅಂದ, ಮೊದಲ ನನ್ನ ಕೇಳಿ ನಾಕ ಸಲ ರೂಢಿ ಮಾಡಕೊಂಡಿದ್ದ. ಆಮ್ಯಾಲೆ ಇನ್ನೂರು ಮಂದಿ ಕುರ್ಚಿ ಬಿಟ್ಟು ಎದ್ದು ನಿಂತ್ರು. ಗೋವಿನಜೋಳದ ಊರಿನ ಮಂದಿ, ಗಜೇಂದ್ರಗಡ ಎಲ್ಲೈತಿ ಅಂತ ಗೊತ್ತಿಲ್ಲದ ಮಂದಿ, ತಲಿ ಬಗ್ಗಿಸಿ ನಿಂತ್ರು ನಿನಗ. ಒಂದು ನಿಮಿಷ. ನಾನೂ ನಿಂತೆ. ನನ್ನ ಕಣ್ಣಾಗ ನೀರ ಬಂತು. ನೀ ಇಲ್ಲಿ ಓಣ್ಯಾಗ ನನ್ನ ಸೀರಿಗೆ ಹಾಸು ಹೂಡಾಕ ಹತ್ತಿದ್ದಿ, ಅದ ಹೊತ್ತಿಗೆ ನಾ ಅಲ್ಲೆ ನಿನ್ನ ಸಲುವಾಗಿ ಖರೇ ಖರೇ ಅತ್ತೆ.

ಎದ್ದಿಯಾ? ಫೋಟೋ ಇಲ್ಲೇ ಯಾಕ ಬಿಟ್ಟು ಹೊಂಟಿ? ಗಾದಿ ಮ್ಯಾಲ ಬ್ಯಾಡ, ಗಿರಾಕಿ ನೋಡತಾರ… ತಗೊಂಡು ಹೋಗು, ಇಲ್ಲಾ ಒಡದು ಹೋಗು. ಕಲ್ಲವ್ವಾ. ಒಂದು ಮಾತ ಬೈಯವಾ. ಬಜಾರದ ಮಂದಿ ಎಲ್ಲಾ ಕೇಳೂವಂಗ ಬೈ, ಮೋದಿನಸಾಬನೂ ಕೇಳಲಿ, ಹೇಮಪ್ಪನೂ ಕೇಳಲಿ. ಒಮಾಹಾದಾಗ ಒಂದ ನಿಮಿಷ ಆಗೂದರಾಗ ಎಲ್ಲಾರೂ ಕುಂತ್ರು, ಮಾತಾಡಿದ್ರು. ನೀ ಬಂದಾಗಿಂದ ಬಾಯಿ ತಗದಿಲ್ಲ.